ಚೇಷ್ಟೆಯಲ್ಲ, ದುರಭ್ಯಾಸವೂ ಅಲ್ಲ: ಟಿಕ್ ತೊಂದರೆಗೆ ವರ್ತನಾ ಚಿಕಿತ್ಸೆ

ತರಗತಿಯ ನಡುಸಾಲಿನಲ್ಲಿ ಕುಳಿತಿರುವ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಪಾಠ ನಡೆದಿರುವಾಗ ಅವನು ಮೇಲಿಂದ ಮೇಲೆ ಕಣ್ಣು ಮಿಟುಕಿಸುತ್ತಾನೆ. ಕತ್ತನ್ನು ಒಂದು ಪಕ್ಕಕ್ಕೆ ಝಾಡಿಸುತ್ತಾನೆ. ನಡುನಡುವೆ ಗಂಟಲು ಕೆರೆದಂತೆ ಸದ್ದು ಮಾಡುತ್ತಾನೆ. ಗುರುಗಳು ಮೊದಲು ಎಚ್ಚರಿಸುತ್ತಾರೆ, ಆಮೇಲೆ ಗದರುತ್ತಾರೆ, ಕೊನೆಗೆ ಎದ್ದು ನಿಲ್ಲಿಸುತ್ತಾರೆ. ಸಹಪಾಠಿಗಳು ಅಣಕಿಸುತ್ತಾರೆ. ಮನೆಯಲ್ಲಿ ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ತನ್ನ ದೇಹವೇ ತನ್ನ ಮಾತನ್ನು ಕೇಳದಿರುವ ಸಂಕಟವನ್ನು ಹುಡುಗನು ಮಾತ್ರ ಯಾರಿಗೂ ವಿವರಿಸಲಾರ. ಐವತ್ತು ವರ್ಷ ನಡೆದ ಯಾವ ಶಾಲೆಯಲ್ಲಿಯೂ ಇಂತಹ ಮಕ್ಕಳು ಕಲಿತೇ ಇರುತ್ತಾರೆ. ಅವರನ್ನು ನಾವು ಅರಿತುಕೊಂಡೆವೋ ಅಥವಾ ದಂಡಿಸಿದೆವೋ ಎಂಬುದು ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಟಿಕ್ ಎಂದರೇನು?

ಥಟ್ಟನೆ ಉಂಟಾಗಿ, ಮರುಕಳಿಸುತ್ತಲೇ ಇರುವ, ತಾಳಬದ್ಧವಲ್ಲದ ಅಂಗಚಲನೆಗೆ ಅಥವಾ ಧ್ವನಿಗೆ ವೈದ್ಯಶಾಸ್ತ್ರದಲ್ಲಿ ಟಿಕ್ ಎಂದು ಹೆಸರು. ಹದಿನೆಂಟು ವರ್ಷಕ್ಕೆ ಮೊದಲು ಆರಂಭವಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲಿಕ ಟಿಕ್ ಎನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಅಂಗಚಲನೆಗಳೂ ಕನಿಷ್ಠ ಒಂದು ಧ್ವನಿಯೂ ಕಂಡುಬಂದಿದ್ದರೆ ಅದು ಟುರೆಟ್ ಸಿಂಡ್ರೋಮ್. ಫ್ರಾನ್ಸಿನ ನರವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ 1885ರಲ್ಲಿ ಒಂಬತ್ತು ಮಂದಿ ರೋಗಿಗಳ ವಿವರ ಪ್ರಕಟಿಸಿದುದರಿಂದ ಈ ಹೆಸರು ಬಂದಿತು. 2018ರ 'ಹಿಚ್ಕಿ' ಹಿಂದಿ ಚಲನಚಿತ್ರದಲ್ಲಿ ರಾಣಿ ಮುಖರ್ಜಿ ಅಭಿನಯಿಸಿದ ಶಿಕ್ಷಕಿಗೆ ಇದ್ದುದು ಇದೇ ತೊಂದರೆ.

ಸಾಮಾನ್ಯವಾಗಿ ಇದು ನಾಲ್ಕರಿಂದ ಆರು ವರ್ಷದೊಳಗೆ ತಲೆದೋರಿ, ಹತ್ತು-ಹನ್ನೆರಡರ ವಯಸ್ಸಿನಲ್ಲಿ ತೀವ್ರವಾಗಿ, ಅನೇಕರಲ್ಲಿ ಹದಿಹರೆಯ ಕಳೆಯುವಷ್ಟರಲ್ಲಿ ತಗ್ಗುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಕೆಲವು ವಾರ ಏರುವುದು, ಕೆಲವು ವಾರ ಇಳಿಯುವುದು ಇದರ ಸ್ವಭಾವ. ಇದರ ಬೇರು ಮಿದುಳಿನ ಚಲನ-ನಿಯಂತ್ರಣ ವ್ಯವಸ್ಥೆಯಲ್ಲಿದೆಯೇ ಹೊರತು ಮಗುವಿನ ಹಟದಲ್ಲಾಗಲಿ, ತಾಯಿತಂದೆಯರ ಲಾಲನೆಯಲ್ಲಾಗಲಿ ಇಲ್ಲ.

'ಕೆಲವೊಮ್ಮೆ ತಡೆದುಕೊಳ್ಳುತ್ತಾನಲ್ಲ, ಹಾಗಾದರೆ ಬೇಕೆಂದೇ ಮಾಡುತ್ತಾನೆ' ಎಂಬ ಆಕ್ಷೇಪ ಸಹಜ. ಸೀನು ಬರುವ ಮುನ್ನ ಮೂಗಿನಲ್ಲಿ ಕಚಗುಳಿ ಎದ್ದಂತೆ, ಅನೇಕರಿಗೆ ಟಿಕ್‌ಗೆ ಮುನ್ನ ಒಂದು ಬಿಗಿತ ಅಥವಾ ಒತ್ತಡ ಏಳುತ್ತದೆ. ಟಿಕ್ ಆದೊಡನೆ ಅದು ಶಮನವಾಗುತ್ತದೆ. ಸೀನನ್ನು ಕ್ಷಣಕಾಲ ತಡೆಯಬಲ್ಲವನು ಬೇಕೆಂದೇ ಸೀನುತ್ತಾನೆ ಎನ್ನಲಾದೀತೆ?

ಚಿಕಿತ್ಸೆಯ ಹಂತಗಳು

ಈ ಮುನ್ಸೂಚನೆಯೇ ವರ್ತನಾ ಚಿಕಿತ್ಸೆಗೆ ಬಾಗಿಲು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಪ್ರಕಟಿಸಿದ ವಿಧಾನವನ್ನು ರೂಢಿ-ಪರಿವರ್ತನ ತರಬೇತಿ ಎನ್ನಬಹುದು.

ಮೊದಲನೆಯದು ಅರಿವು. ಟಿಕ್ ಹೇಗೆ ಆರಂಭವಾಗುತ್ತದೆ, ಅದಕ್ಕೆ ಮುನ್ನ ಎಲ್ಲಿ ಏನು ಅನಿಸುತ್ತದೆ ಎಂಬುದನ್ನು ಮಗು ತನ್ನ ಮಾತಿನಲ್ಲಿ ಹೇಳಲು ಕಲಿಯುತ್ತದೆ.

ಎರಡನೆಯದು ಪ್ರತಿಕ್ರಿಯೆ. ಒತ್ತಡ ಎದ್ದೊಡನೆ, ಆ ಟಿಕ್ ನಡೆಯಲು ಆಸ್ಪದವಿಲ್ಲದಂತಹ, ಇತರರ ಕಣ್ಣಿಗೆ ಬೀಳದಂತಹ ಬೇರೊಂದು ಕ್ರಿಯೆಯನ್ನು ಮಾಡುವುದು. ಕತ್ತು ಝಾಡಿಸುವವನು ಗದ್ದವನ್ನು ತುಸು ತಗ್ಗಿಸಿ ಕತ್ತಿನ ಸ್ನಾಯುಗಳನ್ನು ಮೆಲ್ಲಗೆ ಬಿಗಿಹಿಡಿಯುತ್ತಾನೆ. ಗಂಟಲು ಕೆರೆಯುವವನು ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುತ್ತಾನೆ. ಒಂದು ನಿಮಿಷದವರೆಗೆ, ಅಥವಾ ಒತ್ತಡ ಇನ್ನೂ ಉಳಿದಿದ್ದರೆ ಅದು ಇಳಿಯುವವರೆಗೆ ಹೀಗೆ ಮಾಡಬೇಕು. ಒತ್ತಡವು ಟಿಕ್ ಇಲ್ಲದೆಯೂ ತಾನಾಗಿ ಇಳಿಯುತ್ತದೆಂಬುದು ಅನುಭವಕ್ಕೆ ಬರುತ್ತದೆ.

ಮೂರನೆಯದು ಆಸರೆ. ಮನೆಯ ಒಬ್ಬರು ಅಭ್ಯಾಸವನ್ನು ಮೆಲ್ಲಗೆ ನೆನಪಿಸಿ, ಪ್ರಯತ್ನವನ್ನು ಮೆಚ್ಚುತ್ತಾರೆ. ಟಿಕ್ ಆದುದಕ್ಕೆ ಬಯ್ಯುವುದಿಲ್ಲ.

ಇದಕ್ಕೆ ವಿಶ್ರಾಂತಿಯ ಅಭ್ಯಾಸವನ್ನೂ, ಟಿಕ್ ಹೆಚ್ಚಿಸುವ ಸಂದರ್ಭಗಳ ಬದಲಾವಣೆಯನ್ನೂ ಸೇರಿಸಿ ಸಮಗ್ರ ವರ್ತನಾ ಚಿಕಿತ್ಸೆ ರೂಪುಗೊಂಡಿತು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 9ರಿಂದ 17 ವರ್ಷದ 126 ಮಕ್ಕಳು ಭಾಗವಹಿಸಿದ್ದರು. ಹತ್ತು ವಾರಗಳಲ್ಲಿ ಎಂಟು ಬಾರಿ ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 52.5ರಷ್ಟು ಮಂದಿ ಸ್ಪಷ್ಟವಾಗಿ ಸುಧಾರಿಸಿದರು. ಕೇವಲ ತಿಳಿವಳಿಕೆ ಮತ್ತು ಸಾಂತ್ವನ ಪಡೆದವರಲ್ಲಿ 18.5ರಷ್ಟು ಮಾತ್ರ. ಅಮೆರಿಕದ ನರವಿಜ್ಞಾನ ಅಕಾಡೆಮಿಯು 2019ರಲ್ಲಿ ಇದನ್ನು ಆರಂಭಿಕ ಚಿಕಿತ್ಸೆಯಾಗಿ ಶಿಫಾರಸು ಮಾಡಿತು. ಇದು ಟಿಕ್ಕನ್ನು ಬೇರುಸಹಿತ ಕೀಳುವುದಿಲ್ಲ, ಎಲ್ಲರಿಗೂ ಸಮನಾಗಿ ಫಲಿಸುವುದೂ ಇಲ್ಲ. ಕೆಲವರಿಗೆ ಔಷಧವೂ ಬೇಕಾಗುತ್ತದೆ. ಜೊತೆಯಲ್ಲಿ ಗಮನ ನಿಲ್ಲದಿರುವಿಕೆ ಅಥವಾ ಗೀಳು ಇದ್ದರೆ ಅದಕ್ಕೂ ಚಿಕಿತ್ಸೆ ಅಗತ್ಯ.

ಗಡಿನಾಡಿನ ಮಗು ಮತ್ತು ಅದರ ಭಾಷೆ

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯದ ಗೆರೆ ಬದಲಾದರೂ, ಇಲ್ಲಿಯೂ ಉಮರ್ಗಾದ ಕಡೆಗೂ ಕನ್ನಡ ಮನೆಗಳು ಉಳಿದಿವೆ. ಮಗು ಅವ್ವನೊಡನೆ ಕನ್ನಡ, ಪೇಟೆಯಲ್ಲಿ ಮರಾಠಿ, ಗೆಳೆಯರೊಡನೆ ಹಿಂದಿ ಆಡುತ್ತದೆ. ಆದರೆ ಕತ್ತಿನೊಳಗೆ ಏಳುವ ಬಿಗಿತವನ್ನು, ಗಂಟಲಿನ ಕಸಿವಿಸಿಯನ್ನು ಅದು ಯಾವ ಭಾಷೆಯಲ್ಲಿ ಹೇಳೀತು? ಈ ಚಿಕಿತ್ಸೆಯಲ್ಲಿ ಗುಳಿಗೆಯಿಲ್ಲ, ಯಂತ್ರವಿಲ್ಲ. ಮಾತೇ ಅದರ ಉಪಕರಣ. ಆದುದರಿಂದ ವೈದ್ಯರು ಯಾವ ಭಾಷೆಯವರಾದರೂ, ಮಗು ಮನೆಮಾತಿನಲ್ಲಿ ಹೇಳಿದುದನ್ನು ಅವರಿಗೆ ತಲುಪಿಸುವ ಹೊಣೆ ಪಾಲಕರದು.

ಲಾತೂರು, ಬೀದರ, ಕಲಬುರಗಿಯ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯಗಳ ಮನೋವೈದ್ಯ ವಿಭಾಗಗಳು ನಮಗೆ ಹತ್ತಿರ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಈ ಕ್ಷೇತ್ರದ ದೊಡ್ಡ ಸಂಸ್ಥೆಗಳು. ರೂಢಿ-ಪರಿವರ್ತನ ತರಬೇತಿ ಬಲ್ಲವರು ಇದ್ದಾರೆಯೇ ಎಂದು ಮೊದಲೇ ವಿಚಾರಿಸುವುದು ಒಳಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡ, ಮರಾಠಿ ಮುಂತಾದ ಭಾಷೆಗಳಲ್ಲಿ ಸಲಹೆ ಪಡೆಯಬಹುದು.

ಗುರುಗಳಿಂದ ಆಗಬೇಕಾದುದು ಕಠಿಣವೇನಲ್ಲ. ಟಿಕ್ ಕಂಡರೂ ಕಾಣದಂತೆ ಪಾಠ ಮುಂದುವರಿಸುವುದು. ಮಗು ಬಯಸಿದಾಗ ಎರಡು ನಿಮಿಷ ಹೊರಗೆ ಹೋಗಿಬರಲು ಬಿಡುವುದು. ಪರೀಕ್ಷೆಯಲ್ಲಿ ಪ್ರತ್ಯೇಕ ಸ್ಥಳವನ್ನೂ ತುಸು ಹೆಚ್ಚು ಸಮಯವನ್ನೂ ಪರಿಶೀಲಿಸುವುದು. ಮಗುವೂ ಪಾಲಕರೂ ಒಪ್ಪಿದರೆ ಸಹಪಾಠಿಗಳಿಗೆ ನಿಜಸಂಗತಿ ತಿಳಿಸುವುದು. 'ಮಾಡಬೇಡ' ಎಂದಷ್ಟೂ ಗಮನ ಅಲ್ಲಿಗೇ ಹರಿದು ಟಿಕ್ ಹೆಚ್ಚುತ್ತದೆ.

ನಮ್ಮ ಶಾಲೆ ಮುಂದಿನ ಐವತ್ತು ವರ್ಷಗಳಿಗೆ ಕಾಲಿಡುತ್ತಿರುವಾಗ, ಕಣ್ಣು ಮಿಟುಕಿಸುವ ಕಾರಣಕ್ಕೆ ಯಾವ ಮಗುವೂ ಬಾಗಿಲ ಹೊರಗೆ ನಿಲ್ಲದಿರಲಿ. ಅಂತಹ ಮಗುವನ್ನು ಕಂಡ ಗುರುಗಳೂ ಪಾಲಕರೂ ಮೊದಲು ಅದರ ಪಕ್ಕದಲ್ಲಿ ಕುಳಿತು, 'ನಿನಗೆ ಏನಾಗುತ್ತದೆ, ಹೇಳು' ಎಂದು ಕನ್ನಡದಲ್ಲಿ ಕೇಳಲಿ. ಚಿಕಿತ್ಸೆಯ ಮೊದಲ ಹೆಜ್ಜೆ ಅಲ್ಲಿಯೇ ಆರಂಭವಾಗುತ್ತದೆ.