ಇಂದಿನ ಧಮ್ಮ ಚಿಂತನೆ: ಕತಞ್ಞುತಾ, ಮಾಡಿದ್ದನ್ನು ತಿಳಿದಿರುವುದು





ಹೋದ ರವಿವಾರ ಸಿಂದಗಿಯಲ್ಲಿ ಮಂಗಲ ಸುತ್ತದ ಪಾಠ ನಡೆದಿತ್ತು. ಅದರಲ್ಲಿ ಬರುವ 'ಕತಞ್ಞುತಾ' ಎಂಬ ಪದಕ್ಕೆ ಕೃತಜ್ಞತೆ, ಉಪಕಾರ ಸ್ಮರಣೆ ಎಂದು ನಾನು ಅರ್ಥ ಹೇಳಿ ಮುಂದೆ ಹೋಗುವವನಿದ್ದೆ. ಹಿಂದೆ ಕೂತಿದ್ದ ಡಿಗ್ರಿ ಓದುವ ಹುಡುಗನೊಬ್ಬ ಎದ್ದು ನಿಂತ. "ಅಲ್ರೀ ಸರ್, ನಮ್ಮ ಮುತ್ಯಾ ದಿನಾ ಹೊಲದಾಗ ದುಡದು, ಹಬ್ಬಕ್ಕ ಹಲಗಿ ಬಡದು, ಸತ್ತ ದನಾ ಎಳದು ಹಾಕಿ, ಸಂಜಿಕ ಎರಡು ರೊಟ್ಟಿ ತಗೊಂಡು 'ನಿಮ್ಮ ಉಪಕಾರ ದೊಡ್ಡದ್ರೀ ಗೌಡ್ರ' ಅಂತ ಕೈ ಮುಗೀತಿದ್ದ. ಅದೂ ಕೃತಜ್ಞತಾನ ಏನ್ರೀ? ಬೌದ್ಧರಾದ ಮ್ಯಾಲೂ ನಾವು ಅದನ್ನ ಕಲೀಬೇಕೇನ್ರೀ?"

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದು ಪಾರಾದೆ. ಆ ತಮ್ಮನಿಗೆ ಕೊಡಬೇಕಾದ ಉತ್ತರವನ್ನೇ ಇವತ್ತು ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಪದವನ್ನೇ ನೋಡೋಣ. 'ಕತ' ಅಂದರೆ ಮಾಡಿದ್ದು, 'ಞ್ಞೂ' ಅಂದರೆ ತಿಳಿದವನು. ಯಾರು ಏನು ಮಾಡಿದರು ಎಂಬುದನ್ನು ಸರಿಯಾಗಿ ತಿಳಿದವನು ಕತಞ್ಞೂ. ಇದರಲ್ಲಿ ಕೈ ಕಟ್ಟಿ ನಿಲ್ಲುವುದು, ತಲೆ ತಗ್ಗಿಸುವುದು ಎಲ್ಲಿಯೂ ಇಲ್ಲ. ಅಂಗುತ್ತರ ನಿಕಾಯದಲ್ಲಿ ಭಗವಾನರು ಲೋಕದಲ್ಲಿ ಸಿಗುವುದು ಕಷ್ಟವಾದ ಎರಡು ಬಗೆಯ ಜನರ ಬಗ್ಗೆ ಹೇಳುತ್ತಾರೆ. ಒಬ್ಬರು ಪುಬ್ಬಕಾರೀ, ಅಂದರೆ ಯಾರೂ ಕೇಳುವ ಮೊದಲೇ ನೆರವಾಗುವವರು. ಇನ್ನೊಬ್ಬರು ಕತಞ್ಞೂ ಕತವೇದೀ, ಅಂದರೆ ಆದ ನೆರವನ್ನು ತಿಳಿದು ಅದನ್ನು ನಡತೆಯಲ್ಲಿ ತೋರಿಸುವವರು. ಮುತ್ಯಾನ ವಿಷಯಕ್ಕೆ ಬಂದರೆ, ಅಲ್ಲಿ ಯಾರು ಏನು ಮಾಡಿದರು? ದುಡಿದವನು ಮುತ್ಯಾ. ಅವನ ದುಡಿಮೆಯ ಮೇಲೆ ಬದುಕಿದವರು ಗೌಡರು. ಮಾಡಿದ್ದನ್ನು ತಿಳಿಯುವುದಾದರೆ ಕೈ ಮುಗಿಯಬೇಕಾದವರು ಯಾರು ಅಂತ ನೀವೇ ಹೇಳಿ. ಆ ಲೆಕ್ಕ ತಲೆಕೆಳಗಾಗಿತ್ತು. ಅದು ಹೆದರಿಕೆ, ಅದಕ್ಕೆ ಉಪಕಾರ ಅಂತ ಹೆಸರಿಟ್ಟಿದ್ದರು ಅಷ್ಟೆ.

ಸರಿಯಾದ ಲೆಕ್ಕ ಹೇಗಿರುತ್ತದೆ ಎಂಬುದಕ್ಕೆ ಬಾಬಾಸಾಹೇಬರ ಒಂದು ಪುಸ್ತಕವನ್ನೇ ತೆಗೆದುಕೊಳ್ಳೋಣ. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಬೆಳವಣಿಗೆ ಕುರಿತ ಅವರ ಇಂಗ್ಲಿಷ್ ಗ್ರಂಥ 1925ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದನ್ನು ಅವರು ಅರ್ಪಿಸಿದ್ದು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರಿಗೆ, ತಮ್ಮ ಓದಿಗೆ ಮಾಡಿದ ಸಹಾಯಕ್ಕಾಗಿ.

ಬರೋಡಾ ಅಂದರೆ ಯಾವ ಊರು? 'ವೀಸಾಗಾಗಿ ಕಾಯುತ್ತಾ' ಓದಿದವರಿಗೆ ನೆನಪಿರುತ್ತದೆ. 1917ರಲ್ಲಿ ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಧರ್ಮಶಾಲೆಯಲ್ಲಿ ಹೇಗೋ ತಂಗಿದರೆ, ಕೆಲವೇ ದಿನಗಳಲ್ಲಿ ಪಾರ್ಸಿ ಗುಂಪೊಂದು ಬಡಿಗೆ ಹಿಡಿದು ಬಂದು ಹೊರಗೆ ಹಾಕಿತು. ಗೆಳೆಯರ ಮನೆ ಕೇಳಿದರು, ಅಲ್ಲಿಯೂ ಆಗಲಿಲ್ಲ. ಮುಂಬಯಿ ರೈಲು ಬರುವವರೆಗೆ ಸಾರ್ವಜನಿಕ ತೋಟದಲ್ಲಿ ಕೂತು ಕಾಲ ಕಳೆದರು. ಇದನ್ನು ಅವರು ಯಾವತ್ತೂ ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ. ಎಂಟು ವರ್ಷದ ಮೇಲೆ ಅದೇ ಬರೋಡಾದ ಅರಸನಿಗೆ ಪುಸ್ತಕ ಅರ್ಪಿಸಿದರು. ವಿದ್ಯಾರ್ಥಿವೇತನ ಕೊಟ್ಟದ್ದೂ ನಿಜ, ಊರು ಹೊರಗೆ ಹಾಕಿದ್ದೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಅವರು ಒಪ್ಪಲಿಲ್ಲ.

ಅದೇ ಪುಸ್ತಕಕ್ಕೆ ಮುನ್ನುಡಿ ಬರೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಎಡ್ವಿನ್ ಸೆಲಿಗ್ಮನ್. ಬಾಬಾಸಾಹೇಬರ ಅರ್ಥಶಾಸ್ತ್ರದ ಗುರು. 1916ರಲ್ಲಿ ಬಾಬಾಸಾಹೇಬರು ಲಂಡನ್ನಿಗೆ ಹೊರಟಾಗ ಅಲ್ಲಿನ ಪ್ರೊಫೆಸರ್ ಫಾಕ್ಸ್‌ವೆಲ್ ಅವರಿಗೆ ಶಿಫಾರಸು ಪತ್ರ ಬರೆದವರೂ ಇವರೇ. ಸೆಲಿಗ್ಮನ್ ಯೆಹೂದಿ ಮನೆತನದವರು. ಅವರ ತಂದೆ ಜೋಸೆಫ್ ಸೆಲಿಗ್ಮನ್ ಅಮೆರಿಕದ ದೊಡ್ಡ ಬ್ಯಾಂಕರ್. 1877ರ ಬೇಸಿಗೆಯಲ್ಲಿ ಕುಟುಂಬದೊಂದಿಗೆ ಸರಟೋಗಾ ಎಂಬ ಊರಿನ ಗ್ರ್ಯಾಂಡ್ ಯೂನಿಯನ್ ಹೋಟೆಲಿಗೆ ಹೋದಾಗ, ಯೆಹೂದಿಗಳಿಗೆ ಇಲ್ಲಿ ಜಾಗ ಇಲ್ಲ ಎಂದು ವಾಪಸು ಕಳಿಸಿದರು. ಆಗ ಎಡ್ವಿನ್‌ಗೆ 16 ವರ್ಷ. ಅದೇ ಹುಡುಗ ದೊಡ್ಡವನಾಗಿ, ಕಪ್ಪುಜನರಿಗೆ ಕೆಲಸ ಮತ್ತು ಮನೆ ಸಿಗಲಿ ಎಂದು ನ್ಯೂಯಾರ್ಕಿನಲ್ಲಿ ಕಟ್ಟಿದ ನ್ಯಾಷನಲ್ ಅರ್ಬನ್ ಲೀಗಿಗೆ ಅದರ ಆರಂಭದ ವರ್ಷಗಳಲ್ಲಿ ಅಧ್ಯಕ್ಷನಾದ. 1913ರಲ್ಲಿ ಭಾರತದಿಂದ ಬಂದ ಒಬ್ಬ ಅಸ್ಪೃಶ್ಯ ವಿದ್ಯಾರ್ಥಿಗೆ ಗುರುವಾದ.

ಮುಂದೆ ಬಾಬಾಸಾಹೇಬರು 1942ರಲ್ಲಿ ಕೆನಡಾದ ಸಮ್ಮೇಳನವೊಂದಕ್ಕೆ ಬರೆದ ಪ್ರಬಂಧದಲ್ಲಿ, ಯೆಹೂದಿಗಳ ಮೇಲೆ ನಾಜಿಗಳು ಸಾಧಿಸುವ ದ್ವೇಷಕ್ಕೂ ಅಸ್ಪೃಶ್ಯರ ಮೇಲೆ ಸನಾತನಿಗಳು ನಡೆಸುವುದಕ್ಕೂ ವಿಚಾರದಲ್ಲಾಗಲಿ ಪರಿಣಾಮದಲ್ಲಾಗಲಿ ಭೇದವಿಲ್ಲ ಎಂದು ಲೋಕಕ್ಕೆ ಹೇಳಿದರು. ಹಿಟ್ಲರ್ ಇನ್ನೂ ಬದುಕಿದ್ದ ಕಾಲ ಅದು.

ಇಲ್ಲಿ ಒಂದು ಮಾತು ಬಿಡಬಾರದು. ನೋವು ತಿಂದವರು ತಾವಾಗಿಯೇ ನೊಂದವರ ಪರ ನಿಲ್ಲುತ್ತಾರೆ ಎಂಬ ನಂಬಿಕೆ ನಮ್ಮಲ್ಲಿದೆ. ಅದು ಸುಳ್ಳು. ಬರೋಡಾದಲ್ಲಿ ಬಡಿಗೆ ಹಿಡಿದು ಬಂದವರ ಪೂರ್ವಜರು ಇರಾನಿನಿಂದ ಧರ್ಮ ಉಳಿಸಿಕೊಳ್ಳಲು ಓಡಿ ಬಂದವರು. ಆದರೆ 1920ರಲ್ಲಿ ಮತ್ತೆ ಲಂಡನ್ನಿಗೆ ಓದಲು ಹೋಗುವಾಗ ಬಾಬಾಸಾಹೇಬರಿಗೆ ಸಾಲ ಕೊಟ್ಟ ಗೆಳೆಯ ನವಲ್ ಭಥೇನಾ ಕೂಡ ಪಾರ್ಸಿಯೇ. ಹಾಗಾಗಿ ಸಮುದಾಯದ ಹೆಸರು ನೋಡಿ ತೀರ್ಮಾನ ಬೇಡ.

ಈಗ ಡಿಸೆಂಬರ್. ನಮಗೆ 6ರಂದು ಮಹಾಪರಿನಿರ್ವಾಣ ದಿನದ ದುಃಖ, 25ರಂದು ಮಹಾಡಿನ ಮನುಸ್ಮೃತಿ ದಹನದ ನೆನಪು, ಹೊಸ ವರ್ಷಕ್ಕೆ ಕೋರೆಗಾಂವ್. ಸಾಮಾನ್ಯವಾಗಿ ಇದೇ ತಿಂಗಳಲ್ಲಿ ಯೆಹೂದಿಗಳಿಗೆ ಎಂಟು ರಾತ್ರಿ ದೀಪ ಹಚ್ಚುವ ಹನುಕ್ಕಾ ಹಬ್ಬ, ಕ್ರೈಸ್ತರಿಗೆ ಕ್ರಿಸ್‌ಮಸ್. 1993ರ ಡಿಸೆಂಬರಿನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಎಂಬ ಊರಿನಲ್ಲಿ ಐದು ವರ್ಷದ ಯೆಹೂದಿ ಹುಡುಗನೊಬ್ಬ ತನ್ನ ಕೋಣೆಯ ಕಿಟಕಿಗೆ ಹಬ್ಬದ ದೀಪಸ್ತಂಭದ ಚಿತ್ರ ಅಂಟಿಸಿದ್ದ. 2ನೇ ತಾರೀಖು ರಾತ್ರಿ ಯಾರೋ ಆ ಕಿಟಕಿಗೆ ಕಲ್ಲು ಎಸೆದರು. ಹುಡುಗ ಆಗ ಕೋಣೆಯಲ್ಲಿರಲಿಲ್ಲ, ಉಳಿದ. ಚಿತ್ರ ತೆಗೆದುಬಿಡಿ ಎಂಬ ಸಲಹೆ ತಾಯಿಗೆ ಬಂತು. ತೆಗೆದರೆ ಮಗನಿಗೆ ಏನು ಹೇಳಲಿ ಎಂಬುದು ಆಕೆಯ ಚಿಂತೆ. ನಮ್ಮ ಮನೆಯ ಬಾಗಿಲ ಮೇಲಿನ ಪಂಚಶೀಲ ಧ್ವಜದ ಬಗ್ಗೆ ಇಂಥದೇ ಮಾತು ಕೇಳಿದವರು ಈ ಗ್ರೂಪಿನಲ್ಲಿ ಇದ್ದೀರಿ.

ಸುದ್ದಿ ಹರಡಿದಾಗ ಆ ಊರಿನ ಚರ್ಚುಗಳ ಜನ ಸುಮ್ಮನಿರಲಿಲ್ಲ. ಮಕ್ಕಳು ಅದೇ ದೀಪದ ಚಿತ್ರ ಬರೆದು ತಮ್ಮ ತಮ್ಮ ಮನೆಯ ಕಿಟಕಿಗೆ ಅಂಟಿಸಿದರು. ಊರಿನ ಪತ್ರಿಕೆ 'ಬಿಲ್ಲಿಂಗ್ಸ್ ಗೆಜೆಟ್' ಪುಟ ತುಂಬ ದೀಪದ ಚಿತ್ರ ಅಚ್ಚು ಹಾಕಿತು. ಸಾವಿರಾರು ಕ್ರೈಸ್ತ ಮನೆಗಳ ಕಿಟಕಿಯಲ್ಲಿ ಯೆಹೂದಿ ದೀಪ! ಇನ್ನೂ ಕೆಲವು ಕಿಟಕಿ ಒಡೆದರು, ಆಮೇಲೆ ಒಡೆಯುವವರೇ ನಿಂತರು. ಯಾವ ಮನೆ ಯಾರದು ಅಂತ ಗೊತ್ತಾದರೆ ತಾನೆ ಕಲ್ಲು ಎಸೆಯುವುದು. ಅದೇ ಊರಿನಲ್ಲಿ ಮೂಲನಿವಾಸಿ ಮಹಿಳೆಯೊಬ್ಬಳ ಮನೆಯ ಗೋಡೆಗೆ ಕೊಳಕು ಬರಹ ಬಳಿದಾಗ ಪೇಂಟರ್ ಸಂಘದ ಸುಮಾರು 30 ಜನ ಬಂದು ಬಣ್ಣ ಹೊಡೆದು ಕೊಟ್ಟಿದ್ದರು. ಭಾಷಣ ಮಾಡಲಿಲ್ಲ, ಬ್ರಷ್ ತಂದರು. ನನಗೆ ಬಹಳ ಹಿಡಿಸಿದ್ದು ಇದೇ.

ಯೆಹೂದಿಗಳು ಅಂದ ಕೂಡಲೇ ಗ್ರೂಪಿನಲ್ಲಿ ಇಸ್ರೇಲ್, ಗಾಜಾ ಎಂದು ಚರ್ಚೆ ಏಳುತ್ತದೆ ಎಂದು ನನಗೆ ಗೊತ್ತು. ಒಂದು ಸರ್ಕಾರ ಮಾಡುವುದನ್ನು ಪ್ರಶ್ನಿಸುವುದು ಬೇರೆ. ಐದು ವರ್ಷದ ಮಗುವಿನ ಕಿಟಕಿ ಬೇರೆ.

ಅಮೆರಿಕದ ಅನೇಕ ಊರುಗಳಲ್ಲಿ ಇನ್ನೊಂದು ರೂಢಿ ಇದೆ. ಕ್ರಿಸ್‌ಮಸ್ ದಿನ ಯೆಹೂದಿಗಳು ಆಸ್ಪತ್ರೆಗಳಿಗೆ, ಬಡವರ ಊಟದ ಮನೆಗಳಿಗೆ ಹೋಗಿ ಕೆಲಸ ಮಾಡುತ್ತಾರೆ. ಕ್ರೈಸ್ತ ಸಿಬ್ಬಂದಿ ಅವತ್ತು ಮಕ್ಕಳೊಂದಿಗೆ ಮನೆಯಲ್ಲಿರಲಿ ಎಂದು. ತಮ್ಮದಲ್ಲದ ಹಬ್ಬಕ್ಕೆ ಅವರು ಮಾಡುವ ಪೂಜೆ ಇಷ್ಟೇ.

ಇನ್ನು ನನ್ನ ಸ್ವಂತ ವಿಷಯ. ಇದನ್ನು ಬರೆಯಲು ಸಂಕೋಚವಿದೆ.

2020ರ ಅಕ್ಟೋಬರ್ ನೆನಪಿದೆಯಲ್ಲ. ಕೊರೋನಾದಿಂದ ನಾಗಪುರದ ದೀಕ್ಷಾಭೂಮಿಯ ಸಮಾರಂಭ ಇಲ್ಲ. 14ರ ಧಮ್ಮದೀಕ್ಷೆಯ ದಿನ ಮನೆಯಲ್ಲೇ ವಂದನೆ ಮಾಡಿದೆವು. ಅದೇ ವಾರ ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಉಜನಿಯಿಂದ ನೀರು ಬಿಟ್ಟು, ಭೀಮಾ ಹೊಳೆ ಇಂಡಿ, ಸಿಂದಗಿ ಕಡೆಯ ದಂಡೆಯ ಊರುಗಳಿಗೆ ನುಗ್ಗಿತು. ಮುದ್ದೇಬಿಹಾಳ, ಬಾಗೇವಾಡಿಯ ನಮ್ಮವರು ಹಿಂದಿನ ವರ್ಷ ಕೃಷ್ಣೆಯ ಪ್ರವಾಹ ಕಂಡವರು. ಯಾರೂ ಹೇಳುವ ಮೊದಲೇ ಕಟಕ ರೊಟ್ಟಿ, ಶೇಂಗಾ ಹಿಂಡಿ, ಚಾದರ್ ಕೂಡಿಸಿ ಕಳಿಸಿದರು. ಹಂಚುವ ಲಿಸ್ಟ್ ಮಾಡಿದವನು ನಾನು. ಅದರಲ್ಲಿ ಇದ್ದದ್ದು ನಮ್ಮ ಓಣಿಯ ಮನೆಗಳು ಮಾತ್ರ. ಸರ್ಕಾರಿ ನೆರವು ನಮಗೆ ಕಡೆಗೆ ಬರುತ್ತದೆ, ಹಾಗಾಗಿ ನಮ್ಮವರಿಗೆ ಮೊದಲು ಎಂಬುದು ನನ್ನ ಲೆಕ್ಕ. ಅದು ಪೂರಾ ತಪ್ಪು ಅಂತ ಈಗಲೂ ಹೇಳುವುದಿಲ್ಲ.

ಆದರೆ ಟಂಟಂ ಇಳಿಸಿದ ಶಾಲೆಯಲ್ಲಿ ಮಾದಿಗರ ಓಣಿಯವರು ಇದ್ದರು, ನಾಲ್ಕು ಮುಸಲ್ಮಾನ ಮನೆಗಳು ಇದ್ದವು, ಮನೆ ಬಿದ್ದ ಕೆಲವು ಒಕ್ಕಲಿಗರೂ ಇದ್ದರು. ನಾನು ಹೆಸರು ಕೂಗುತ್ತಿದ್ದೆ. ಮೂಲೆಯಲ್ಲಿದ್ದ ಒಬ್ಬ ಆಯಿ, ನಮ್ಮ ಓಣಿಯವಳೇ, ತನ್ನ ಪಾಲು ಕೈಯಲ್ಲಿ ಹಿಡಿದು ಕೇಳಿದಳು: "ಹೊಳಿ ಮನಿ ಹೊಕ್ಕಾಗ ಯಾರ ಮನಿ ಅಂತ ಲಿಸ್ಟ್ ನೋಡಿ ಹೊಕ್ಕದೇನೋ ತಮ್ಮಾ?"

ಅರ್ಧ ಅರ್ಧ ಮಾಡಿ ಎಲ್ಲರಿಗೂ ಹಂಚಿದೆವು. ಸಾಲಲಿಲ್ಲ. ನಮ್ಮ ಓಣಿಯ ಇಬ್ಬರು ನನ್ನ ಮೇಲೆ ಸಿಟ್ಟಾದರು, ಅವರ ಸಿಟ್ಟಿಗೂ ಕಾರಣ ಇತ್ತು. ಅವತ್ತು ನಮ್ಮ ಕೈಯ ರೊಟ್ಟಿ ಉಂಡವರು ಬದಲಾದರೇ ಎಂದು ಕೇಳಿದರೆ, ಮರುವರ್ಷ ಅದೇ ಊರಿನ ಚಹಾದಂಗಡಿಯಲ್ಲಿ ನಮ್ಮವರಿಗೆ ಪ್ಲಾಸ್ಟಿಕ್ ಕಪ್ಪು, ಉಳಿದವರಿಗೆ ಗಾಜಿನ ಗ್ಲಾಸು. ಬದಲಾದದ್ದು ಒಂದೇ. ಮಾದಿಗರ ಓಣಿಯ ಹುಡುಗರು ಆ ಕಪ್ಪಿನ ವಿಷಯಕ್ಕೆ ನಮ್ಮ ಹುಡುಗರ ಜೊತೆ ತಹಶೀಲ್ದಾರ್ ಕಚೇರಿಗೆ ಬಂದು ಅರ್ಜಿಗೆ ಸಹಿ ಹಾಕಿದರು. ಮೊದಲು ಅವರು ಬಂದಿರಲಿಲ್ಲ. ನಾವೂ ಅವರ ಜೊತೆ ಹೋಗಿರಲಿಲ್ಲ.

ಸಿಂದಗಿಯ ತಮ್ಮಾ, ನಿನ್ನ ಮುತ್ಯಾ ಯಾರಿಗೂ ಋಣಿಯಾಗಿರಲಿಲ್ಲ. ಆದರೆ ನಾನು ಆ ಆಯಿಗೆ ಋಣಿ. ಹೆಸರು ಕೇಳದೆ ರೊಟ್ಟಿ ಬಡಿದು ಕಳಿಸಿದ ಮುದ್ದೇಬಿಹಾಳದ ಅಕ್ಕಂದಿರಿಗೂ ಋಣಿ.

ನಮ್ಮ ಬಳಗದ ಒಬ್ಬ ಅಕ್ಕ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹೋದ ಏಪ್ರಿಲ್ 14ಕ್ಕೆ ಅವರಿಗೆ ರಜೆ ಸಿಗಲಿಲ್ಲ. ಜೊತೆಯ ಕ್ರೈಸ್ತ ಸಿಸ್ಟರ್ ಒಬ್ಬರು ತಾವೇ ಬಂದು ಅವರ ಪಾಳಿ ಮಾಡಿ, ಜಯಂತಿಯ ಮೆರವಣಿಗೆಗೆ ಕಳಿಸಿದರಂತೆ. ಈ 25ರಂದು ಬೆಳಿಗ್ಗೆ ಇಂಡಿಯಲ್ಲಿ ಮನುಸ್ಮೃತಿ ದಹನ ದಿನದ ಕಾರ್ಯಕ್ರಮ ಮುಗಿಸಿ, ಅಕ್ಕ ಸಂಜೆ ಆ ಸಿಸ್ಟರ್ ಪಾಳಿಗೆ ಹೋಗುತ್ತಾರೆ. ರಾತ್ರಿ ಊಟದ ಡಬ್ಬಿ ಮುಟ್ಟಿಸಲು ಯಾರಾದರೂ ಒಬ್ಬರು ಬೇಕು. ಬರುವವರು ಗ್ರೂಪಿನಲ್ಲಿ ಹೆಸರು ಹಾಕಿ.

ಜೈ ಭೀಮ್. ನಮೋ ಬುದ್ಧಾಯ.