ಅಸ್ತ್ರ ಒಲೆ ಮತ್ತು ಸುಡದ ಮಣ್ಣಿನ ಇಟ್ಟಿಗೆ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿಯೇ ‘ಅಸ್ತ್ರ’ ಎಂಬ ಘಟಕ ಆರಂಭವಾಯಿತು. ಇದರ ರೂವಾರಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ. ಅವರು ಎಂಜಿನಿಯರ್ ಅಲ್ಲ, ವಿದ್ಯುತ್ ರಸಾಯನ ವಿಜ್ಞಾನಿ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮ ‘ಅಸ್ತ್ರ’ದ ಕ್ಷೇತ್ರಕೇಂದ್ರವಾಗಿತ್ತು.

ಈ ಘಟಕದ ಒಂದು ಕೊಡುಗೆ ಅಸ್ತ್ರ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಗಾಳಿ ಅಂಕೆಯಿಲ್ಲದೆ ನುಗ್ಗಿ ಶಾಖದ ಬಹುಪಾಲನ್ನು ಹೊತ್ತೊಯ್ಯುತ್ತದೆ, ಹೊಗೆ ಅಡುಗೆಮನೆಯಲ್ಲೇ ತುಂಬುತ್ತದೆ. ಅಸ್ತ್ರ ಒಲೆಯಲ್ಲಿ ಬೆಂಕಿಗೂಡು ಮುಚ್ಚಿರುತ್ತದೆ, ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಬಿಸಿ ಅನಿಲ ಮೂರು ಪಾತ್ರೆಗಳ ತಳ ಸವರಿ ಹೊಗೆಕೊಳವೆ ಸೇರುತ್ತದೆ. ಸೌದೆಯೂ ಉಳಿಯಿತು, ಹೆಣ್ಣುಮಕ್ಕಳ ಕಣ್ಣು, ಶ್ವಾಸಕೋಶಗಳಿಗೂ ನೆಮ್ಮದಿ ಸಿಕ್ಕಿತು. ನನ್ನ ಮಟ್ಟಿಗೆ ಅನ್ವಯಿಕ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸಿವಿಲ್ ವಿಭಾಗದ ಕೊಡುಗೆ ಸ್ಥಿರೀಕೃತ ಮಣ್ಣಿನ ಇಟ್ಟಿಗೆ, ಪ್ರೊ. ಕೆ. ಎಸ್. ಜಗದೀಶ್ ಇದರಲ್ಲಿ ಪ್ರಮುಖರು. ಮಣ್ಣು, ಮರಳಿಗೆ ಸ್ವಲ್ಪ ಸಿಮೆಂಟ್ ಅಥವಾ ಸುಣ್ಣ ಬೆರೆಸಿ ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಗೊಳಿಸುತ್ತಾರೆ. ಭಟ್ಟಿ ಬೇಕಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅದಕ್ಕೆ ಸುಣ್ಣವೇ ಹೆಚ್ಚು ಹೊಂದುತ್ತದೆ.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ವಿದ್ಯುತ್, ನೀರು ಕೊಟ್ಟದ್ದೂ ‘ಅಸ್ತ್ರ’ ತಂಡದ ಕೆಲಸ.

‘ಅಸ್ತ್ರ’ದ ಈಗಿನ ಹೆಸರು: ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ.