ಬೆಕ್ಕಿನ ಮರಿಗೆ ಯಾವ ಊಟ?



ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ನೀವು ಕೇಳಿರುತ್ತೀರಿ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಾದಾಗ ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನೂ ಅದಕ್ಕೆ ಹಾಲು ಕುಡಿಸಲು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ತನ್ನ ಬೆಕ್ಕಿಗೆ ಮೊದಲ ದಿನವೇ ಕುದಿಯುವ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡತೊಡಗಿತು. ಹಾಲನ್ನೆಲ್ಲ ಮನೆಯವರೇ ಕುಡಿದರು! ಇದು ಜನರು ಹೇಳುತ್ತ ಬಂದ ಕಥೆ, ಇತಿಹಾಸವಲ್ಲ. ಆದರೆ ಇದರೊಳಗೆ ವಿಜ್ಞಾನದ ಒಂದು ಪ್ರಶ್ನೆ ಅಡಗಿದೆ. ಬೆಕ್ಕಿಗೆ ನಿಜವಾಗಿಯೂ ಹಸುವಿನ ಹಾಲು ಬೇಕೇ?

ಹೊಸಪೇಟೆಯ ಓಣಿಗಳಲ್ಲಾಗಲಿ, ಸಂಡೂರಿನ ಮನೆಗಳಲ್ಲಾಗಲಿ, ಕಂಪ್ಲಿಯಲ್ಲಿ ಭತ್ತದ ಚೀಲ ಒಟ್ಟಿದ ಕೋಣೆಗಳಲ್ಲಾಗಲಿ, ಬೆಕ್ಕಿನ ಮರಿ ಸಿಕ್ಕ ಕೂಡಲೇ ನಾವು ಮಾಡುವುದೇನು? ಬಟ್ಟಲಿಗೆ ಹಾಲು ಸುರಿದು ಜೋಳದ ರೊಟ್ಟಿ ಮುರಿದು ಹಾಕುತ್ತೇವೆ. ನಮ್ಮ ಪ್ರೀತಿ ನಿಜ. ಆದರೆ ಇದನ್ನೇ ದಿನವೂ ತಿಂದ ಮರಿಗೆ ಹೊಟ್ಟೆ ಉಬ್ಬಿ, ಭೇದಿಯಾಗಿ, ಅದು ಬಡಕಲಾಗುವುದುಂಟು. ಏಕೆ ಹೀಗೆ? ನೋಡೋಣ ಬನ್ನಿ.

ಹುಲಿಯ ಬಳಗದ ಪ್ರಾಣಿ

ಹಂಪಿಗೆ ಹತ್ತಿರದ ಕಮಲಾಪುರದ ಮೃಗಾಲಯದಲ್ಲಿ ಹುಲಿ, ಸಿಂಹಗಳಿವೆ. ಬೆಕ್ಕು ಅವುಗಳದೇ ಕುಟುಂಬಕ್ಕೆ ಸೇರಿದ್ದು. ಬೆಕ್ಕು ಆಕಳಿಸುವಾಗ ಅದರ ಹಲ್ಲುಗಳನ್ನು ದೂರದಿಂದಲೇ ಗಮನಿಸಿ. ಮುಂದೆ ಚೂಪಾದ ಕೋರೆಹಲ್ಲು, ಹಿಂದೆ ಕತ್ತರಿಯಂತಹ ದವಡೆ ಹಲ್ಲು. ನಮ್ಮ ಹಾಗೆ ಕಾಳು ಅರೆಯುವ ಅಗಲವಾದ ಹಲ್ಲುಗಳಿಲ್ಲ. ಕರುಳು ಕೂಡ ಗಿಡ್ಡ. ಅಂದರೆ ಬೆಕ್ಕಿನ ದೇಹ ಮಾಂಸಾಹಾರಕ್ಕಾಗಿಯೇ ರೂಪುಗೊಂಡಿದೆ. ನಾಯಿ ಅನ್ನ ರೊಟ್ಟಿಯ ಜೊತೆಗೂ ಹೊಂದಿಕೊಳ್ಳಬಲ್ಲದು. ಬೆಕ್ಕಿಗೆ ಅದು ಅಷ್ಟಾಗಿ ಸಾಧ್ಯವಿಲ್ಲ.

ಹಾಲಿನ ವಿಚಾರ

ಮರಿ ಹುಟ್ಟಿದಾಗ ಸುಮಾರು 100 ಗ್ರಾಂ ತೂಗುತ್ತದೆ. ಮೊದಲ ನಾಲ್ಕು ವಾರ ಅದಕ್ಕೆ ತಾಯಿಯ ಹಾಲೇ ಸಂಪೂರ್ಣ ಆಹಾರ. ಬೆಕ್ಕಿನ ಹಾಲಿನಲ್ಲಿ ಹಸುವಿನ ಹಾಲಿನ ಸುಮಾರು ಎರಡರಷ್ಟು ಪ್ರೋಟೀನು ಇರುತ್ತದೆ. ಆದ್ದರಿಂದ ಹಸುವಿನ ಹಾಲು ಅದರ ಸ್ಥಾನ ತುಂಬಲಾರದು.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಜೀರ್ಣಿಸಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಮರಿ ತಾಯಿಯ ಹಾಲು ಬಿಡುತ್ತ ಬಂದಂತೆ ಅದರ ಕರುಳಿನಲ್ಲಿ ಈ ಕಿಣ್ವ ಕಡಿಮೆಯಾಗುತ್ತದೆ. ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳು ಸೇರಿ ನೀರನ್ನು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಅನಿಲ ಉಂಟುಮಾಡುತ್ತವೆ. ಹೊಟ್ಟೆಯುಬ್ಬರ, ಭೇದಿಗೆ ಇದೇ ಕಾರಣ. ಪುಟ್ಟ ಮರಿಯ ದೇಹದಿಂದ ನೀರು ಹೀಗೆ ಹೋದರೆ ಪ್ರಾಣಕ್ಕೇ ಅಪಾಯ.

ಬೆಕ್ಕಿನ ದೇಹ ತಯಾರಿಸಲಾರದ ವಸ್ತುಗಳು

ನಮ್ಮ ದೇಹ ಟಾರಿನ್ ಎಂಬ ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಲು ಬಾರದು. ಅದು ಮಾಂಸ, ಮೀನಿನಿಂದಲೇ ಸಿಗಬೇಕು. ಹಾಲಿನ ಪ್ರೋಟೀನಾದ ಕೇಸೀನನ್ನೇ ಪ್ರೋಟೀನಾಗಿ ಕೊಟ್ಟ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಕೆಡುತ್ತದೆ, ಅದಕ್ಕೆ ಟಾರಿನ್ ಕೊರತೆಯೇ ಕಾರಣ ಎಂದು 1975ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಇದೇ ಕೊರತೆಯಿಂದ ಹೃದಯದ ಸ್ನಾಯುವೂ ದುರ್ಬಲವಾಗುತ್ತದೆ ಎಂಬುದು 1987ರಲ್ಲಿ ತಿಳಿಯಿತು.

ಎ ಜೀವಸತ್ವದ ಕಥೆಯೂ ಹೀಗೆಯೇ. ನಾವು ಕ್ಯಾರೆಟ್ ತಿಂದರೆ ಅದರ ಬೀಟಾ ಕ್ಯಾರೊಟಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗುತ್ತದೆ. ಬೆಕ್ಕಿನ ದೇಹದಲ್ಲಿ ಆಗುವುದಿಲ್ಲ.

ನಿಮಗೆ ಗೊತ್ತೇ? ಬೆಕ್ಕಿಗೆ ಸಿಹಿ ರುಚಿ ತಿಳಿಯದು! ಸಿಹಿಯನ್ನು ಗುರುತಿಸಲು ಬೇಕಾದ ಒಂದು ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲ ಎಂದು 2005ರಲ್ಲಿ ಕಂಡುಹಿಡಿಯಲಾಯಿತು. ಬೆಲ್ಲ, ಪೇಡೆ ಕೊಟ್ಟು ಅದನ್ನು ಖುಷಿಪಡಿಸಲು ಹೋಗಬೇಡಿ.

ಇಲಿಯೆಂಬ ಪೂರ್ಣ ಊಟ

ಒಂದು ಇಲಿಯಲ್ಲಿ ಏನೇನಿದೆ? ಮಾಂಸದಲ್ಲಿ ಪ್ರೋಟೀನು, ಹೃದಯದಲ್ಲಿ ಟಾರಿನ್, ಯಕೃತ್ತಿನಲ್ಲಿ ಎ ಜೀವಸತ್ವ, ಮೂಳೆಯಲ್ಲಿ ಕ್ಯಾಲ್ಸಿಯಂ, ಜೊತೆಗೆ ಬೇಕಾದಷ್ಟು ನೀರು. ಬರೀ ಮಾಂಸದ ತುಂಡು ತಿಂದು ಬೆಳೆದ ಮರಿಗೆ ಕ್ಯಾಲ್ಸಿಯಂ ಸಾಲದೆ ಮೂಳೆಗಳು ಮೆತ್ತಗಾಗಿ ಮುರಿಯಬಹುದು. ಹೀಗಾಗಿ ಒಂದೇ ಪದಾರ್ಥವನ್ನು ನೆಚ್ಚಬಾರದು. ಆದರೆ ಇಲಿ ಪಾಷಾಣ ಇಟ್ಟ ಕಡೆ ಬೆಕ್ಕನ್ನು ಬಿಡಬೇಡಿ. ವಿಷ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ವಿಷವೇರುತ್ತದೆ.

ಎಷ್ಟು ಕೊಡಬೇಕು?

ಸುಮಾರು 35 ಕೆ.ಜಿ. ತೂಗುವ ಬಾಲಕನಿಗೆ ದಿನಕ್ಕೆ ಸುಮಾರು 2,200 ಕಿಲೋಕ್ಯಾಲೊರಿ ಶಕ್ತಿ ಬೇಕು. ಅಂದರೆ ಒಂದು ಕೆ.ಜಿ. ತೂಕಕ್ಕೆ ಸುಮಾರು 63. ಒಂದು ಕೆ.ಜಿ.ಯ ಬೆಳೆಯುವ ಮರಿಗೆ ಸುಮಾರು 200 ಬೇಕು. ನಿಮಗಿಂತ ಮೂರು ಪಟ್ಟು! ಅದರ ಹೊಟ್ಟೆಯೋ ತೀರಾ ಚಿಕ್ಕದು. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು.

4 ವಾರದವರೆಗೆ: ತಾಯಿಯ ಹಾಲು.
4ರಿಂದ 8 ವಾರ: ತಾಯಿಯ ಹಾಲಿನ ಜೊತೆಗೆ ಮೆತ್ತನೆಯ ಆಹಾರ.
2ರಿಂದ 4 ತಿಂಗಳು: ದಿನಕ್ಕೆ ನಾಲ್ಕು ಸಲ.
4ರಿಂದ 6 ತಿಂಗಳು: ದಿನಕ್ಕೆ ಮೂರು ಸಲ.

ತಾಯಿಯಿಲ್ಲದ ಪುಟ್ಟ ಮರಿ ಸಿಕ್ಕರೆ ಬಟ್ಟೆ ಸುತ್ತಿ ಬೆಚ್ಚಗಿಡಿ. ಹಿರಿಯರೊಂದಿಗೆ ಪಶು ಆಸ್ಪತ್ರೆಗೆ ಒಯ್ದು, ಮರಿಗೆಂದೇ ತಯಾರಿಸಿದ ಹಾಲಿನ ಪುಡಿಯ ಬಗ್ಗೆ ಕೇಳಿ.

ನಮ್ಮ ಅಡುಗೆಮನೆಯಲ್ಲಿ

ತುಂಗಭದ್ರೆಯ ರೋಹು, ಕಾಟ್ಲಾ ಮೀನು ತಂದ ದಿನ ಮಸಾಲೆ ಹಾಕುವ ಮೊದಲೇ ಎರಡು ತುಂಡು ತೆಗೆದಿಡಿ. ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು ಕೊಡಿ. ಈ ಜಾತಿಯ ಮೀನನ್ನು ಹಸಿಯಾಗಿ ಕೊಡಬಾರದು. ಅದರಲ್ಲಿರುವ ಒಂದು ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ, ಬೇಯಿಸಿದರೆ ಆ ಕಿಣ್ವ ನಿಷ್ಕ್ರಿಯವಾಗುತ್ತದೆ. ಕೋಳಿಯ ಹೃದಯ, ಮಾಂಸವನ್ನು ಬೇಯಿಸಿದ ನೀರಿನ ಸಮೇತ ಕೊಡಿ, ಏಕೆಂದರೆ ಟಾರಿನ್ ನೀರಿನಲ್ಲಿ ಕರಗುತ್ತದೆ. ಯಕೃತ್ತು ವಾರಕ್ಕೊಮ್ಮೆ ಸಣ್ಣ ಚೂರು ಸಾಕು. ಬೆಂದ ಮೊಟ್ಟೆಯೂ ಒಳ್ಳೆಯದು. ಆದರೆ ಬಿಸಿಯೂಟದ ಮೊಟ್ಟೆಯನ್ನು ಜೇಬಿನಲ್ಲಿಟ್ಟು ಒಯ್ಯಬೇಡಿ, ನೀವೂ ಬೆಳೆಯುವ ಮಕ್ಕಳೇ!

ಇವೆಲ್ಲ ಕೊಟ್ಟರೂ ಎಲ್ಲ ಪೋಷಕಾಂಶಗಳು ಸರಿಯಾದ ಪ್ರಮಾಣದಲ್ಲಿ ಸಿಗುವುದು ಕಷ್ಟ. ಮರಿಗಳಿಗೆಂದೇ ತಯಾರಿಸಿದ ಆಹಾರದಲ್ಲಿ ಟಾರಿನ್, ಕ್ಯಾಲ್ಸಿಯಂ ಸೇರಿಸಿರುತ್ತಾರೆ. ಸಾಧ್ಯವಾದರೆ ದಿನಕ್ಕೆ ಒಂದೆರಡು ಸಲವಾದರೂ ಅದನ್ನು ಕೊಡಿ. ಮಾಂಸ, ಮೊಟ್ಟೆ ತರದ ಮನೆಗಳಿಗೆ ಇದೇ ಸೂಕ್ತ. ಅಂಥ ಮನೆಯವರು ಮರಿ ತರುವ ಮೊದಲೇ ಹಿರಿಯರನ್ನು ಕೇಳಿ ತೀರ್ಮಾನಿಸಿ. ನಾಯಿಯ ಆಹಾರ ಬೆಕ್ಕಿಗೆ ಸಾಲದು.

ನಮ್ಮ ಭಾಗದ ಬೇಸಿಗೆ ನಿಮಗೆ ಗೊತ್ತೇ ಇದೆ. ಬೆಕ್ಕಿನ ಪೂರ್ವಜರು ಒಣಭೂಮಿಯ ಕಾಡುಬೆಕ್ಕುಗಳು. ಹೀಗಾಗಿ ಅದು ತಾನಾಗಿ ನೀರು ಕುಡಿಯುವುದು ಕಡಿಮೆ. ನೆರಳಿನಲ್ಲಿ ಅಗಲವಾದ ಬಟ್ಟಲಿನಲ್ಲಿ ಸದಾ ಶುದ್ಧ ನೀರಿಡಿ.

ಕೊಡಲೇಬಾರದವು

ಈರುಳ್ಳಿ, ಬೆಳ್ಳುಳ್ಳಿ: ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಸಾಲೆ ಸಾರು, ಒಗ್ಗರಣೆ ಹಾಕಿದ ಮಂಡಕ್ಕಿ ಬೇಡ.
ಬೇಯಿಸಿದ ಕೋಳಿ ಮೂಳೆ: ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.
ಚಾಕೊಲೇಟ್: ಬೆಕ್ಕಿಗೆ ವಿಷ.
ಪ್ಯಾರಸಿಟಮಾಲ್ ಮಾತ್ರೆ: ಚಿಕ್ಕ ಚೂರು ಕೂಡ ಬೆಕ್ಕನ್ನು ಕೊಲ್ಲಬಲ್ಲದು. ಜ್ವರ ಬಂದಿದೆಯೆಂದು ನಮ್ಮ ಮಾತ್ರೆ ಕೊಡಬೇಡಿ.

ಮಾಡಿ ನೋಡಿ

ಒಂದು ಬುಟ್ಟಿಯನ್ನು ತಕ್ಕಡಿಯಲ್ಲಿ ತೂಗಿ. ಮರಿಯನ್ನು ಅದರಲ್ಲಿ ಕೂರಿಸಿ ಮತ್ತೆ ತೂಗಿ. ವ್ಯತ್ಯಾಸವೇ ಮರಿಯ ತೂಕ. ಪ್ರತಿ ವಾರ ಒಂದೇ ದಿನ, ಊಟಕ್ಕೆ ಮೊದಲು ತೂಗಿ ಬರೆದಿಡಿ. ನಕ್ಷೆಹಾಳೆಯಲ್ಲಿ ರೇಖೆ ಎಳೆಯಿರಿ. ಮೊದಲ ಎರಡು ತಿಂಗಳು ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ರೇಖೆ ಮಲಗಿದರೆ ಕಾಯುತ್ತ ಕೂರದೆ ಪಶುವೈದ್ಯರಿಗೆ ತೋರಿಸಿ. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಮರಿ ಸೊರಗುತ್ತದೆ.

ಎಚ್ಚರಿಕೆ: ಮರಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಕೂಡಲೇ ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ. ರೇಬೀಸ್ ಬೆಕ್ಕಿನಿಂದಲೂ ಬರಬಹುದು.

ಯೋಚಿಸಿ ಉತ್ತರಿಸಿ

1. ಮರಿ ಹಾಲನ್ನು ಇಷ್ಟಪಟ್ಟು ಕುಡಿಯುತ್ತದೆ. ಇಷ್ಟವಾದದ್ದೆಲ್ಲ ಒಳ್ಳೆಯ ಆಹಾರವೇ?
2. ಒಂದು ಮೊಟ್ಟೆಯಲ್ಲಿ ಸುಮಾರು 70 ಕಿಲೋಕ್ಯಾಲೊರಿ ಇದ್ದರೆ, ಒಂದು ಕೆ.ಜಿ. ಮರಿಯ ದಿನದ ಅಗತ್ಯದಲ್ಲಿ ಅದು ಎಷ್ಟನೇ ಭಾಗ?
3. ನಿಮ್ಮ ಓಣಿಯಲ್ಲಿ ಬೆಕ್ಕು ಸಾಕಿದ ಐದು ಮನೆಗಳಲ್ಲಿ ಏನು ಉಣಿಸುತ್ತಾರೆಂದು ಕೇಳಿ ಪಟ್ಟಿ ಮಾಡಿ. ನೀವು ಕಲಿತದ್ದನ್ನು ಅವರಿಗೂ ವಿನಯದಿಂದ ತಿಳಿಸಿ.